ಸ್ಕೂಬಾ ರಕ್ಷಣಾ ತರಬೇತಿಯಲ್ಲಿ ಸೀಸದ ಬೆಲ್ಟ್ ಕಳಚುವಾಗ ಯಾವ ಎಚ್ಚರ ಬೇಕು?

ಡೈವರ್ ನೀರಿನಲ್ಲಿ ಮುಳುಗಲು ಸೊಂಟಕ್ಕೆ ಕಟ್ಟುವ ತೂಕವೇ ಈ ಬೆಲ್ಟ್. ಕಳಚುವ ಮೊದಲು ಕೆಳಗೆ ನೋಡಿ. ಐದಾರು ಕಿಲೋ ಸೀಸ ಇನ್ನೊಬ್ಬ ಡೈವರ್‌ನ ತಲೆಯ ಮೇಲೆ ಬೀಳಬಾರದು; ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಂಥ ಕಡೆ ಹವಳದ ಮೇಲೂ ಬೀಳಬಾರದು. ಬೆಲ್ಟಿನಲ್ಲಿ ಬಕಲ್ ಇಲ್ಲದ ತುದಿಯನ್ನೇ ಹಿಡಿಯಿರಿ. ಬಕಲ್ ಕಡೆ ಹಿಡಿದರೆ ಸೀಸದ ತುಂಡುಗಳು ಇನ್ನೊಂದು ತುದಿಯಿಂದ ಒಂದೊಂದಾಗಿ ಜಾರುತ್ತವೆ. ಬಿಚ್ಚಿದ ಮೇಲೆ ಕೈ ಚಾಚಿ, ನಿಮ್ಮ ಮತ್ತು ನೀವು ರಕ್ಷಿಸುತ್ತಿರುವವರ ಮೈಯಿಂದ ದೂರ ಒಯ್ದು ಬಿಡಿ; ಅವಸರದಲ್ಲಿ ಅಲ್ಲೇ ಕೈಬಿಟ್ಟರೆ ಕಾಲಿಗೆ ಕಟ್ಟಿದ ಚಾಕುವಿಗೋ ಸಿಲಿಂಡರಿಗೋ ಸಿಕ್ಕಿಕೊಳ್ಳುತ್ತದೆ. ಆಳದಲ್ಲಿ ಈ ಅಭ್ಯಾಸ ಬೇಡವೇ ಬೇಡ: ತೂಕ ಕಳೆದುಕೊಂಡವನು ಬೆಂಡಿನಂತೆ ಮೇಲೇಳುತ್ತಾನೆ, ಉಸಿರು ಬಿಗಿಹಿಡಿದಿದ್ದರೆ ಶ್ವಾಸಕೋಶವೇ ಹರಿಯಬಹುದು. ನೀರಿನ ಮೇಲೆ, ಜಾಕೆಟ್ಟಿಗೆ ಗಾಳಿ ತುಂಬಿಸಿಕೊಂಡು ಮಾಡಿ. ದೋಣಿಗೆ ಬೆಲ್ಟ್ ಕೊಡುವಾಗ ಮೇಲಿನವರು ಗಟ್ಟಿಯಾಗಿ ಹಿಡಿದರೆಂದು ತಿಳಿದ ನಂತರವೇ ಕೈಬಿಡಿ. ಕಾಲ್ಬೆರಳು ಜಜ್ಜಿಕೊಂಡವರು ಕಡಿಮೆಯಿಲ್ಲ.