ಸಾಮರ್ಥ್ಯದಲ್ಲಿ ಅರ್ಧ, ಉತ್ಪಾದನೆಯಲ್ಲಿ ಕಾಲು: ಭಾರತದ ಕರೆಂಟು ಇನ್ನೂ ಕಲ್ಲಿದ್ದಲಿನದೇ ಏಕೆ?

ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಪಾಲು ಕಲ್ಲಿದ್ದಲು ಮತ್ತು ಅನಿಲ ಎರಡನ್ನೂ ಬಿಟ್ಟ ಮೂಲಗಳದ್ದು ಎಂದು ಸರ್ಕಾರ ಹೇಳುತ್ತದೆ, ಆದರೆ ಮುಕ್ಕಾಲು ಪಾಲು ಕರೆಂಟು ಕಲ್ಲಿದ್ದಲಿನಿಂದಲೇ ಬರುತ್ತದೆ ಎಂದೂ ಓದಿದ್ದೀರಿ. ಇದರಲ್ಲಿ ಯಾವುದು ಸುಳ್ಳು ಎಂದು ಕೇಳಿದ್ದೀರಿ.

ಎರಡೂ ನಿಜ. ಮೊದಲನೆಯದು ಮೆಗಾವ್ಯಾಟ್ ಲೆಕ್ಕ, ಅಂದರೆ ಯಂತ್ರಗಳು ಹೆಚ್ಚೆಂದರೆ ಎಷ್ಟು ಕೊಡಬಲ್ಲವು ಎಂಬುದು; ಎರಡನೆಯದು ಯೂನಿಟ್ ಲೆಕ್ಕ, ಅಂದರೆ ಅವು ಓಡಿ ನಿಜವಾಗಿ ಎಷ್ಟು ಕೊಟ್ಟವು ಎಂಬುದು. 2025ರ ಜೂನ್ ಕೊನೆಗೆ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯ ಸುಮಾರು 4.85 ಲಕ್ಷ ಮೆಗಾವ್ಯಾಟ್. ಅದರಲ್ಲಿ ಸುಮಾರು 2.43 ಲಕ್ಷ ಮೆಗಾವ್ಯಾಟ್ ಸೌರ, ಪವನ, ಜಲ, ಅಣು ಮತ್ತು ಜೈವಿಕ ಮೂಲಗಳದ್ದು. ಸೌರ ಒಂದೇ 1.16 ಲಕ್ಷ ಮೆಗಾವ್ಯಾಟ್ ಇತ್ತು. ಆದರೆ 2024-25ರಲ್ಲಿ ದೇಶ ಉತ್ಪಾದಿಸಿದ ಸುಮಾರು 1.8 ಲಕ್ಷ ಕೋಟಿ ಯೂನಿಟ್‌ಗಳಲ್ಲಿ ಸೌರದ ಪಾಲು ಶೇ 8ರ ಆಸುಪಾಸು. ಕಲ್ಲಿದ್ದಲಿನ ಪಾಲು ಮುಕ್ಕಾಲರ ಹತ್ತಿರ.

ಈ ಅಂತರ ಎಲ್ಲಿಂದ ಬಂತು ಎಂಬುದನ್ನು ನೀವೇ ಲೆಕ್ಕ ಹಾಕಬಹುದು. 1 ಮೆಗಾವ್ಯಾಟ್ ಯಂತ್ರ ವರ್ಷದ 8,760 ಗಂಟೆಯೂ ಪೂರ್ತಿ ಓಡಿದರೆ 87.6 ಲಕ್ಷ ಯೂನಿಟ್ ಆಗುತ್ತದೆ. ಹಾಗೆ ಯಾವ ಯಂತ್ರವೂ ಓಡುವುದಿಲ್ಲ. ರಾತ್ರಿ, ಮೋಡ, ಫಲಕದ ಮೇಲಿನ ಧೂಳು, ಬಿಸಿಲಿನ ಕಾವಿಗೆ ಫಲಕದ ದಕ್ಷತೆ ಇಳಿಯುವುದು ಎಲ್ಲ ಕಳೆದರೆ ಸೌರಕ್ಕೆ ಸಿಗುವುದು ಶೇ 17ರಿಂದ 22, ಅಂದರೆ 15ರಿಂದ 19 ಲಕ್ಷ ಯೂನಿಟ್. ಕಲ್ಲಿದ್ದಲು ಸ್ಥಾವರಗಳ ದೇಶದ ಸರಾಸರಿ ಶೇ 70ರ ಹತ್ತಿರ, ಅಂದರೆ 61 ಲಕ್ಷ ಯೂನಿಟ್. ಒಂದು ಮೆಗಾವ್ಯಾಟ್ ಕಲ್ಲಿದ್ದಲಿನ ಯೂನಿಟ್‌ಗಳನ್ನು ಸರಿದೂಗಿಸಲು ಸುಮಾರು ಮೂರರಿಂದ ನಾಲ್ಕು ಮೆಗಾವ್ಯಾಟ್ ಸೌರ ಬೇಕು.

ನಮ್ಮ ರಾಜ್ಯದ್ದೇ ಜೋಡಿ ನೋಡಿ. ಪಾವಗಡದ ಸೌರ ಪಾರ್ಕು 2,050 ಮೆಗಾವ್ಯಾಟ್, ಸುಮಾರು 13 ಸಾವಿರ ಎಕರೆ. ಕೈಗಾ ಅಣುಸ್ಥಾವರ 220ರ ನಾಲ್ಕು ಘಟಕ, ಒಟ್ಟು 880 ಮೆಗಾವ್ಯಾಟ್. ವರ್ಷದ ಕೊನೆಗೆ ಮಾತ್ರ ಕೈಗಾದ ಯೂನಿಟ್ಟೇ ಹೆಚ್ಚು. ಕಾರಣವೂ ಯಂತ್ರದಲ್ಲೇ ಇದೆ: ಭಾರಜಲ ಬಳಸುವ ಆ ರಿಯಾಕ್ಟರಿಗೆ ಇಂಧನ ಬದಲಿಸಲು ನಿಲ್ಲಿಸಬೇಕಿಲ್ಲ, ಓಡುತ್ತಿರುವಾಗಲೇ ಹಳೆಯ ಇಂಧನ ಹೊರಗೆ, ಹೊಸದು ಒಳಗೆ. 2018ರ ಡಿಸೆಂಬರ್ 31ರಂದು ಕೈಗಾದ 1ನೇ ಘಟಕವನ್ನು ನಿಲ್ಲಿಸುವ ಹೊತ್ತಿಗೆ ಅದು 962 ದಿನ ಎಡೆಬಿಡದೆ ಓಡಿತ್ತು. ಆಗ ಅದು ವಿಶ್ವದಾಖಲೆ.

ಅನಿಲ ಸ್ಥಾವರಗಳದ್ದು ಇನ್ನೊಂದು ಬಗೆ. ಸುಮಾರು 20 ಸಾವಿರ ಮೆಗಾವ್ಯಾಟ್ ಕಾಗದದ ಮೇಲಿದೆ, ಓಡುವುದು ಶೇ 20ಕ್ಕಿಂತಲೂ ಕಡಿಮೆ. ಕೃಷ್ಣಾ-ಗೋದಾವರಿ ಕೊಳ್ಳದ ಅನಿಲವನ್ನು ನಂಬಿ ಕಟ್ಟಿದವು ಹಲವು. ಆ ಅನಿಲ ನಿರೀಕ್ಷಿಸಿದಷ್ಟು ಬರಲಿಲ್ಲ, ಆಮದು ಅನಿಲದ ಕರೆಂಟು ದುಬಾರಿ. ಹಾಗಾಗಿ ಸಾಮರ್ಥ್ಯದ ಪಟ್ಟಿಯಲ್ಲಿ ಈ ಸಾಲು ಕಂಡರೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ.

ಇಷ್ಟಾದರೂ ಅರ್ಧ ಉತ್ತರವೇ. "ಹಾಗಾದರೆ ನಾಲ್ಕು ಪಟ್ಟು ಸೌರ ಹಾಕಿದರಾಯಿತಲ್ಲ" ಎಂಬ ಪ್ರಶ್ನೆ ಮುಂದೆ ಬಂದೇ ಬರುತ್ತದೆ. ನನ್ನ ಪ್ರಕಾರ ನಿಜವಾದ ತೊಡಕು ಯೂನಿಟ್ಟಿನದಲ್ಲ, ಹೊತ್ತಿನದು. ವಿದ್ಯುತ್ ಜಾಲದಲ್ಲಿ ಪ್ರತಿ ಕ್ಷಣ ಬೇಡಿಕೆ ಎಷ್ಟೋ ಉತ್ಪಾದನೆ ಅಷ್ಟೇ ಇರಬೇಕು. ಉತ್ಪಾದನೆ ಕಡಿಮೆಯಾದರೆ ಆವರ್ತನ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಅಲೆಯಾಡುತ್ತದೆ ಎಂಬ ಲಯ) 50 ಹರ್ಟ್ಸ್‌ನಿಂದ ಕೆಳಗಿಳಿಯುತ್ತದೆ, ಜಾಸ್ತಿಯಾದರೆ ಮೇಲೇರುತ್ತದೆ. ನಿಯಮದ ಪ್ರಕಾರ 49.90ರಿಂದ 50.05ರೊಳಗೆ ಇರಬೇಕು. ಸೌರ ಮಧ್ಯಾಹ್ನ 12ಕ್ಕೆ ಉಕ್ಕುತ್ತದೆ, ಸಂಜೆ 4ರಿಂದ ಜಾರತೊಡಗಿ 6.30ರ ಹೊತ್ತಿಗೆ ಸೊನ್ನೆ. ಸರಿಯಾಗಿ ಆಗಲೇ ಮನೆಮನೆಗಳಲ್ಲಿ ದೀಪ, ಫ್ಯಾನು, ಟಿವಿ, ಬೇಸಿಗೆಯಾದರೆ ಎಸಿ. ಕರ್ನಾಟಕದಲ್ಲಿ ಈ ಎರಡೂವರೆ ಗಂಟೆಗಳಲ್ಲಿ ಸಾವಿರಾರು ಮೆಗಾವ್ಯಾಟ್ ಬೇರೆಲ್ಲಿಂದಲೋ ಏರಬೇಕು.

ಯಾರು ಏರಬಲ್ಲರು? ಕಲ್ಲಿದ್ದಲು ಘಟಕ ಸ್ವಿಚ್ ಒತ್ತಿದರೆ ಹೊತ್ತುವ ಯಂತ್ರವಲ್ಲ. ಪೂರ್ತಿ ತಣ್ಣಗಾದ ಘಟಕವನ್ನು ಮೊದಲು ಎಣ್ಣೆ ಸುಟ್ಟು ಬಿಸಿ ಮಾಡಬೇಕು. ಬಾಯ್ಲರಿನ ದಪ್ಪ ಲೋಹ, ಟರ್ಬೈನಿನ ರೋಟರ್ ನಿಧಾನವಾಗಿ ಕಾಯಬೇಕು. ಅವಸರ ಮಾಡಿದರೆ ಒಳಗೂ ಹೊರಗೂ ಉಷ್ಣತೆಯ ವ್ಯತ್ಯಾಸ ಹೆಚ್ಚಿ ಲೋಹ ಸೀಳುತ್ತದೆ. ಜಾಲಕ್ಕೆ ಜೋಡಿಸಿ ಪೂರ್ತಿ ಲೋಡಿಗೆ ಬರಲು ಅರ್ಧ ದಿನವೇ ಹಿಡಿಯಬಹುದು. ಆದ್ದರಿಂದ ಸಂಜೆ ಬೇಕಾದ ಘಟಕವನ್ನು ಮಧ್ಯಾಹ್ನ ಆರಿಸುವ ಹಾಗಿಲ್ಲ, ತಗ್ಗಿಸಿ ಓಡಿಸಬೇಕು. ಈಗಿನ ನಿಯಮದ ಪ್ರಕಾರ ಶೇ 55ರವರೆಗೆ ತಗ್ಗಿಸಬಹುದು, ಮುಂದೆ ಶೇ 40ಕ್ಕೆ ಒಯ್ಯುವ ಗುರಿ. ಅಷ್ಟು ತಗ್ಗಿಸಿದಾಗ ಬಾಯ್ಲರಿನೊಳಗಿನ ಜ್ವಾಲೆ ನಿಲ್ಲದೆ ಘಟಕ ಟ್ರಿಪ್ ಆಗುವ, ಅಂದರೆ ತಾನಾಗಿ ನಿಂತುಹೋಗುವ ಭಯ, ಎಣ್ಣೆಯ ಆಸರೆ, ಯೂನಿಟ್ಟಿಗೆ ಸುಡುವ ಕಲ್ಲಿದ್ದಲೂ ಜಾಸ್ತಿ. ದಿನಾ ಏರಿಳಿಸಿದರೆ ಬಾಯ್ಲರ್ ಟ್ಯೂಬುಗಳು ಬೇಗ ಸೋರುತ್ತವೆ. ಪತ್ರಿಕೆಯಲ್ಲಿ "ಆರ್‌ಟಿಪಿಎಸ್ (ರಾಯಚೂರು ಉಷ್ಣಸ್ಥಾವರ) ಘಟಕ ಸ್ಥಗಿತ" ಎಂದು ಬಂದರೆ ಬಹಳ ಸಲ ಕಾರಣ ಇದೇ ಟ್ಯೂಬ್ ಸೋರಿಕೆ. ಮಳೆಗಾಲವಾದರೆ ಒದ್ದೆ ಕಲ್ಲಿದ್ದಲು ಬಂಕರಿನಲ್ಲೋ ಅದನ್ನು ಪುಡಿ ಮಾಡುವ ಗಿರಣಿಯಲ್ಲೋ ಕಚ್ಚಿಕೊಳ್ಳುವುದೂ ಉಂಟು.

ಜೊತೆಗೆ ಸಾಗಣೆ. ರಾಯಚೂರಿನ ಶಕ್ತಿನಗರದ ಸ್ಥಾವರ 210ರ ಏಳು ಘಟಕ, 250ರ ಒಂದು, ಒಟ್ಟು 1,720 ಮೆಗಾವ್ಯಾಟ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಬೂದಿ, ಹಾಗಾಗಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಬೇಕು. ಪೂರ್ತಿ ಲೋಡಿನಲ್ಲಿ ದಿನಕ್ಕೆ 4.1 ಕೋಟಿ ಯೂನಿಟ್, ಅಂದರೆ 29 ಸಾವಿರ ಟನ್. ಒಂದು ರೇಕ್, ಅಂದರೆ ಒಂದು ಗೂಡ್ಸ್ ರೈಲು, 3,800ರಿಂದ 4,000 ಟನ್ ತರುತ್ತದೆ ಎಂದುಕೊಂಡರೆ ದಿನಕ್ಕೆ ಏಳೆಂಟು ರೇಕ್. ಕರ್ನಾಟಕದಲ್ಲಿ ಒಂದೂ ಕಲ್ಲಿದ್ದಲು ಗಣಿ ಇಲ್ಲ. ಉತ್ಪಾದಿಸಿದ್ದರಲ್ಲೂ ಶೇ 6ರಿಂದ 9ನ್ನು ಸ್ಥಾವರವೇ ತಿನ್ನುತ್ತದೆ: ಗಿರಣಿ, ಫ್ಯಾನು, ಬಾಯ್ಲರಿಗೆ ನೀರೊತ್ತುವ ಪಂಪು.

ಸಂಜೆಯ ಏರಿಕೆಗೆ ಹೇಳಿ ಮಾಡಿಸಿದ್ದು ಜಲವಿದ್ಯುತ್. ಗೇಟು ತೆರೆದು ಕೆಲವೇ ನಿಮಿಷಗಳಲ್ಲಿ ಪೂರ್ತಿ ಲೋಡು. ಶರಾವತಿಯ 1,035, ನಾಗಝರಿಯ 900, ವಾರಾಹಿಯ 460 ಮೆಗಾವ್ಯಾಟ್‌ಗಳ ನಿಜವಾದ ಬೆಲೆ ಇರುವುದು ಇಲ್ಲಿ. ಆದರೆ ಇದಕ್ಕೆ ನೀರಿನ ಮಿತಿ. 100 ಮೀಟರ್ ಎತ್ತರದಿಂದ ಬೀಳುವ ನೀರಾದರೆ ಒಂದು ಯೂನಿಟ್ಟಿಗೆ ಸುಮಾರು 4 ಸಾವಿರ ಲೀಟರ್ ಬೇಕು. ಎತ್ತರ ದುಪ್ಪಟ್ಟಾದರೆ ನೀರು ಅರ್ಧ ಸಾಕು. 123 ಟಿಎಂಸಿ ಹಿಡಿಯುವ ಆಲಮಟ್ಟಿಯ ಸ್ಥಾವರ ಬರೀ 290 ಮೆಗಾವ್ಯಾಟ್ ಇರುವುದಕ್ಕೂ, ಘಟ್ಟದಂಚಿನ ಶರಾವತಿ ಅದರ ಮೂರೂವರೆ ಪಟ್ಟು ಇರುವುದಕ್ಕೂ ಎತ್ತರವೇ ಮುಖ್ಯ ಕಾರಣ. ಮಳೆ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 2023ರ ಅಕ್ಟೋಬರ್ ಸಾಕ್ಷಿ. ಲಿಂಗನಮಕ್ಕಿ ತುಂಬಲಿಲ್ಲ, ಗಾಳಿಯ ಕಾಲ ಮುಗಿದಿತ್ತು, ಮಳೆ ಇಲ್ಲದ್ದಕ್ಕೆ ರೈತರ ಪಂಪ್‌ಸೆಟ್ ಬೇಡಿಕೆ ಮಾತ್ರ ಏರಿತು. ಖಾಸಗಿ ಉತ್ಪಾದಕರು ರಾಜ್ಯದ ಹೊರಗೆ ಮಾರಬಾರದೆಂದು ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿತು. ಪಂಜಾಬ್, ಉತ್ತರ ಪ್ರದೇಶಗಳಿಂದ ಈಗ ಕೊಡಿ ಆಮೇಲೆ ಹಿಂದಿರುಗಿಸುತ್ತೇವೆ ಎಂಬ ವಿನಿಮಯದ ಕರೆಂಟು ತಂದಿತು.

ಹೀಗೆ ತರಲು ಸಾಧ್ಯವಾದದ್ದಾದರೂ ತಂತಿಯಿಂದ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜೊತೆ ಒಂದೇ ಲಯದಲ್ಲಿ ಕೂಡಿಕೊಂಡಿತು. ಅದಕ್ಕೆ ಮುಂಚೆ ಎರಡು ಜಾಲಗಳ ಲಯ ಬೇರೆಯಿದ್ದರೂ ಕರೆಂಟು ಸಾಗಿಸುವ ತಾಲ್ಚೇರ್-ಕೋಲಾರದಂಥ ಡಿಸಿ (ನೇರ ವಿದ್ಯುತ್) ಮಾರ್ಗಗಳೇ ಗತಿ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಮಗೆ ಬಿಸಿ ತಟ್ಟದಿದ್ದದ್ದು ನಮ್ಮ ಜಾಲ ಬೇರೆಯಾಗಿದ್ದುದರಿಂದ.

ಪವನದ್ದು ಋತುವಿನ ಲೆಕ್ಕ. ಚಿತ್ರದುರ್ಗ, ಗದಗಗಳ ಗಾಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭರ್ಜರಿ, ರಾತ್ರಿಯೂ ಬೀಸುತ್ತದೆ. ಬೇಡಿಕೆ ತುದಿಗೇರುವ ಮಾರ್ಚ್‌ನಲ್ಲಿ ಮಂಕು. ಮಳೆಗಾಲದಲ್ಲಿ ಗಾಳಿ, ಸೌರ ಎರಡೂ ಕೂಡಿ ಬಂದು, ಕಲ್ಲಿದ್ದಲು ಶೇ 55ಕ್ಕಿಂತ ಕೆಳಗಿಳಿಯಲಾರದೆ ನಿಂತಾಗ ಸೌರ-ಪವನವನ್ನೇ ತಗ್ಗಿಸಿ ಎಂದು ಆದೇಶ ಹೋಗುವುದೂ ಇದೆ.

ಹಾಗಾಗಿ ಮುಂದಿನ ದಾರಿ ಎರಡು. ಬೇಡಿಕೆಯನ್ನೇ ಹಗಲಿಗೆ ತರುವುದು ಅಗ್ಗದ್ದು. ಪಂಪ್‌ಸೆಟ್ ಫೀಡರನ್ನು (ಕರೆಂಟು ಹಂಚುವ ಮಾರ್ಗವನ್ನು) ಊರಿನ ಫೀಡರಿನಿಂದ ಬೇರ್ಪಡಿಸಿ 7 ಗಂಟೆಯ ತ್ರೀಫೇಸನ್ನು ಬಿಸಿಲಲ್ಲೇ ಕೊಟ್ಟದ್ದರಿಂದ ಕರ್ನಾಟಕದಲ್ಲಿ ಸೌರ ಇಷ್ಟು ಹಿಡಿಸಿತು. ಹಾವು ಚೇಳಿನ ಭಯದಲ್ಲಿ ನಡುರಾತ್ರಿ ಗದ್ದೆಗೆ ಹೋಗುವುದೂ ತಪ್ಪುತ್ತದೆ. ಇನ್ನೊಂದು ಸಂಗ್ರಹ: ಬ್ಯಾಟರಿ, ಅಥವಾ ಹಗಲು ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಸಂಜೆ ಇಳಿಸುವ ಪಂಪ್ಡ್ ಸ್ಟೋರೇಜ್. ಇದರಲ್ಲಿ 100 ಯೂನಿಟ್ ಸುರಿದರೆ 75ರಿಂದ 80 ವಾಪಸ್. ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಯೋಜನೆ ಇದೇ. ಅಲ್ಲಿನ ಜಗಳ ಯಂತ್ರದ್ದಲ್ಲ, ಸಿಂಗಳೀಕಗಳಿರುವ ಕಾಡಿನದು. ಆ ಆಕ್ಷೇಪ ಹಗುರವಾದದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಇದನ್ನೆಲ್ಲ ನಿಮ್ಮ ಕಣ್ಣಾರೆ ನೋಡಬೇಕಿದ್ದರೆ ಕೆಪಿಟಿಸಿಎಲ್‌ನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ಜಾಲತಾಣ ತೆರೆಯಿರಿ. ಆರ್‌ಟಿಪಿಎಸ್, ಬಿಟಿಪಿಎಸ್ (ಬಳ್ಳಾರಿ ಉಷ್ಣಸ್ಥಾವರ), ಶರಾವತಿ, ನಾಗಝರಿ ಒಂದೊಂದರ ಆ ಕ್ಷಣದ ಮೆಗಾವ್ಯಾಟ್, ಆವರ್ತನ, ರಾಜ್ಯದ ಬೇಡಿಕೆ ಕಾಣುತ್ತವೆ. ಸಿಜಿಎಸ್ ಎಂದರೆ ಕೇಂದ್ರದ ಸ್ಥಾವರಗಳಿಂದ ಬರುವ ನಮ್ಮ ಪಾಲು, ಎನ್‌ಸಿಇಪಿ ಎಂದರೆ ಸೌರ, ಪವನ ಇತ್ಯಾದಿ. ಮಧ್ಯಾಹ್ನ 12ಕ್ಕೊಮ್ಮೆ, ಸಂಜೆ 7.30ಕ್ಕೊಮ್ಮೆ ಬರೆದಿಟ್ಟು ಹೋಲಿಸಿ. ಎನ್‌ಸಿಇಪಿ ಎಷ್ಟು ಇಳಿಯಿತು, ಶರಾವತಿ ಎಷ್ಟು ಏರಿತು ಎಂಬ ಎರಡು ಸಾಲು ನೋಡಿದರೆ ಸಾಕು.