ಜರ್ಮನಿಯ ಕ್ಲೈಂಟ್ 2,900 ಯೂರೋ ಕೊಡ್ತಿಲ್ಲ. ನೆದರ್ಲೆಂಡ್ಸ್‌ನಿಂದ ಯುರೋಪಿಯನ್ ಪೇಮೆಂಟ್ ಆರ್ಡರ್ ಹಾಕಲಾ? ವಕೀಲರು ಬೇಕಾ?

ನಿಮ್ಮ ಈ ಪ್ರಶ್ನೆ ನನ್ನದೇ ಕಥೆಯ ಹಾಗಿದೆ. ನಾನಿದ್ದದ್ದು ಐಂಡ್‌ಹೋವನ್‌ನಲ್ಲಿ. ಜರ್ಮನಿಯ ಒಂದು ಸಣ್ಣ ಕಂಪನಿಗೆ ಆ್ಯಪ್ ಡಿಸೈನ್ ಮಾಡಿಕೊಟ್ಟಿದ್ದೆ. ಬಾಕಿ 3,400 ಯೂರೋ. ನಾಲ್ಕು ರಿಮೈಂಡರ್ ಕಳಿಸಿದರೂ ಉತ್ತರ ಇಲ್ಲ.

ಸುಲಭ ಅಂತ ನಾನೂ ಪೇಮೆಂಟ್ ಆರ್ಡರ್, ಅಂದ್ರೆ ಬಾಕಿ ಕೊಡಿ ಅಂತ ಕೋರ್ಟ್ ಕಳಿಸುವ ಆದೇಶದ ದಾರಿ ಹಿಡಿದೆ. ಜರ್ಮನಿಯಲ್ಲಿ ಈ ಅರ್ಜಿಗಳೆಲ್ಲ ಬರ್ಲಿನ್‌ನ ವೆಡ್ಡಿಂಗ್ ಕೋರ್ಟಿಗೇ ಹೋಗಬೇಕು, ಅದೂ ಜರ್ಮನ್ ಭಾಷೆಯಲ್ಲಿ. ಯುರೋಪಿಯನ್ ಒಕ್ಕೂಟದ ಇ-ಜಸ್ಟಿಸ್ ಪೋರ್ಟಲ್‌ನಲ್ಲಿ ಅದೇ ಫಾರ್ಮ್ ಇಂಗ್ಲಿಷ್‌ನಲ್ಲೂ ಇದೆ, ಕಾಲಂ ನಂಬರ್ ಎರಡರಲ್ಲೂ ಒಂದೇ. ಪಕ್ಕ ಪಕ್ಕ ಇಟ್ಟುಕೊಂಡು ಒಂದು ಭಾನುವಾರ ಪೂರ್ತಿ ಕೂತು ತುಂಬಿದೆ. ಆದೇಶವೂ ಬಂತು.

ನಾನು ಎಡವಿದ್ದು ಬೇರೆ ಕಡೆ. ಮೊದಲ ರಿಮೈಂಡರ್‌ಗೂ ಮುಂಚೆ ಅವರದೊಂದು ಮೇಲ್ ಬಂದಿತ್ತು: ಎರಡು ಸ್ಕ್ರೀನ್ ಹೇಳಿದ ಹಾಗಿಲ್ಲ ಅಂತ. ಚಾಟ್‌ನಲ್ಲಿ ಅವರೇ ಓಕೆ ಅಂದಿದ್ದನ್ನು ತೋರಿಸಿದೆ. ಸುಮ್ಮನಾದರು. ಸುಮ್ಮನಾದರು ಅಂದ್ರೆ ಒಪ್ಪಿಕೊಂಡರು ಅಂದುಕೊಂಡೆ. ಅದೇ ತಪ್ಪು. ಈ ಆದೇಶ ಇರುವುದು ತಕರಾರಿಲ್ಲದ ಬಾಕಿಗೆ. ಆದೇಶ ಕೈಸೇರಿದ 30 ದಿನದೊಳಗೆ ಅವರು ಫಾರ್ಮ್ ಎಫ್ (ವಿರೋಧ ತಿಳಿಸುವ ಫಾರ್ಮ್) ಕಳಿಸಿದರೆ ಮುಗೀತು. ಕಾರಣ ಕೊಡಬೇಕಾಗಿಲ್ಲ, ಒಪ್ಪಲ್ಲ ಅಂತ ಸಹಿ ಹಾಕಿದರೆ ಸಾಕು. ಅವರು ಅಷ್ಟೇ ಮಾಡಿದರು. ನನ್ನ ಚಾಟನ್ನು ಯಾರೂ ನೋಡಲೇ ಇಲ್ಲ. ಸಾಲದ್ದಕ್ಕೆ, ಖರ್ಚಿಗೆ ಹೆದರಿ 'ವಿರೋಧ ಬಂದರೆ ಕೇಸ್ ನಿಲ್ಲಿಸಿ' ಅನ್ನುವ ಅನುಬಂಧವನ್ನು ನಾನೇ ತುಂಬಿ ಕೊಟ್ಟಿದ್ದೆ. 'ಸ್ಮಾಲ್ ಕ್ಲೇಮ್ಸ್‌ಗೆ ವರ್ಗಾಯಿಸಿ' ಅಂತ ಅಲ್ಲೇ ಕೇಳಬಹುದಿತ್ತು; ಸಣ್ಣ ಮೊತ್ತದ ಕೇಸುಗಳಿಗೆ ಇರುವ ಸರಳ ವಿಚಾರಣೆ ಅದು. ಐದು ತಿಂಗಳೂ ಹೋಯಿತು, ಕಟ್ಟಿದ ಫೀಸೂ ಹೋಯಿತು.

ಹಾಗಾಗಿ ವಕೀಲರು ಬೇಕಾ ಅನ್ನುವುದನ್ನು ಬಿಡಿ. ಎರಡೂ ದಾರಿಗೆ ವಕೀಲರು ಕಡ್ಡಾಯ ಅಲ್ಲ. ಮೊದಲು ಹಳೆಯ ಮೇಲ್, ವಾಟ್ಸಾಪ್ ಎಲ್ಲ ತೆಗೆದು ನೋಡಿ. ಅವರು ಒಂದೇ ಒಂದು ಸಲ ಕೆಲಸದ ಬಗ್ಗೆ ಕೊಂಕು ತೆಗೆದಿದ್ದರೂ ಪೇಮೆಂಟ್ ಆರ್ಡರ್ ಮುಟ್ಟಬೇಡಿ. ನೇರವಾಗಿ ಯುರೋಪಿಯನ್ ಸ್ಮಾಲ್ ಕ್ಲೇಮ್ಸ್ ಹಾಕಿ. 2017ರಿಂದ ಅದರ ಮಿತಿ 5,000 ಯೂರೋ, ನಿಮ್ಮದು ಆರಾಮಾಗಿ ಅದರೊಳಗೆ ಬರುತ್ತೆ.

ನಾನು ಎರಡನೇ ಸಲ ಅದನ್ನೇ ಹಾಕಿದೆ, ಆ ಕಂಪನಿಯ ಊರಿನ ಕೋರ್ಟಿನಲ್ಲಿ. ಇಲ್ಲೂ ಅವರಿಗೆ 30 ದಿನ. ಆದರೆ ಯಾಕೆ ಕೊಡಲ್ಲ ಅಂತ ಫಾರ್ಮ್ ಸಿ ಯಲ್ಲಿ ಬರೆಯಬೇಕು. ಅದೇ ಎರಡು ಸ್ಕ್ರೀನ್ ಕಥೆ ಬರೆದರು. ನಾನು ತಾರೀಖು ಕಾಣುವ ಹಾಗೆ ಆ ಚಾಟಿನ ಪ್ರಿಂಟ್, ಜೊತೆಗೆ ಜರ್ಮನ್ ಅನುವಾದ ಮೊದಲೇ ಲಗತ್ತಿಸಿದ್ದೆ. ಎಲ್ಲ ಕಾಗದದಲ್ಲೇ ನಡೆಯಿತು, ಜರ್ಮನಿಗೆ ಒಂದು ಸಲವೂ ಹೋಗಲಿಲ್ಲ. ತೀರ್ಪು ನನ್ನ ಕಡೆ ಆಯಿತು.

ಇನ್ನೊಂದು, ಬಡ್ಡಿಯ ಕಾಲಂ ಖಾಲಿ ಬಿಡಬೇಡಿ. ಕಂಪನಿಗಳು ದುಡ್ಡು ತಡ ಮಾಡಿದರೆ ಬಡ್ಡಿಯ ಜೊತೆ ಕನಿಷ್ಠ 40 ಯೂರೋ ವಸೂಲಿ ಖರ್ಚನ್ನೂ ಕೇಳುವ ಹಕ್ಕು ನಿಮಗಿದೆ. ನಾನು ಎರಡನ್ನೂ ಕೇಳಿದೆ, ಎರಡೂ ಬಂತು.