ಭತ್ತಕ್ಕೆ ಹೊಡೆಯುವ ಕಡಲಕಳೆ ದ್ರಾವಣ: ಆ ಕಂದು ಕಳೆ ಸಮುದ್ರದಲ್ಲಿ ವರ್ಷವಿಡೀ ಬೆಳೆಯುತ್ತಾ?

ಇಲ್ಲ, ಅದಕ್ಕೂ ಹಂಗಾಮು ಇದೆ. ಗಂಗಾವತಿ, ಸಿಂಧನೂರಿನ ಗೊಬ್ಬರದ ಅಂಗಡಿಯಲ್ಲಿ ಸಿಗುವ ಬಾಟಲಿಗಳೆಲ್ಲ ಒಂದೇ ಕಳೆಯದ್ದಲ್ಲ. ಕೆಲವು ಉತ್ತರ ಅಟ್ಲಾಂಟಿಕ್‌ನ ಆಸ್ಕೋಫಿಲಮ್ ಅನ್ನೋ ಕಂದು ಕಳೆಯದ್ದು, ಕೆಲವು ತಮಿಳುನಾಡಿನಲ್ಲಿ ಬೆಳೆಸುವ ಕೆಂಪು ಜಾತಿಯದ್ದು. ನಮ್ಮ ದೇಶದ ತೀರದಲ್ಲಿ ಕಂದು ಕಳೆ ಅಂದ್ರೆ ಮುಖ್ಯವಾಗಿ ಸಾರ್ಗಾಸಮ್, ಅದರದ್ದೇ ಹೇಳುತ್ತೇನೆ.

ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಅಬ್ಬರ ಇಳಿದು ನೀರು ತಿಳಿಯಾದ ಮೇಲೆ, ಹೆಚ್ಚುಕಮ್ಮಿ ಅಕ್ಟೋಬರ್ ಹೊತ್ತಿಗೆ, ಬಂಡೆಗೆ ಕಚ್ಚಿಕೊಂಡ ಹಳೆಯ ಬುಡದಿಂದ ಹೊಸ ಟಿಸಿಲು ಬರುತ್ತವೆ. ಕಂಪ್ಲಿ ಕಡೆ ಕಬ್ಬು ಕಡಿದ ಮೇಲೆ ಕೂಳೆ ಚಿಗುರುತ್ತದಲ್ಲ, ಹಾಗೆ. ಆದರೆ ಈ ಬುಡ ಗಿಡದ ಬೇರಿನ ಹಾಗಲ್ಲ, ಸುಮ್ನೆ ಬಂಡೆ ಹಿಡಿದುಕೊಳ್ಳೋಕೆ. ಪೋಷಕಾಂಶವನ್ನು ಇಡೀ ಮೈಯೇ ನೀರಿನಿಂದ ಹೀರುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ಜೋರು, ಗಾಳಿ ತುಂಬಿದ ಪುಟ್ಟ ಗುಳ್ಳೆಗಳು ಟೊಂಗೆಯನ್ನು ಬೆಳಕಿನ ಕಡೆ ಎತ್ತಿ ಹಿಡಿಯುತ್ತವೆ. ಆಮೇಲೆ ವಿಶೇಷವಾದ ಸಣ್ಣ ಟಿಸಿಲುಗಳಲ್ಲಿ ಅಂಡ, ವೀರ್ಯಾಣು ಹುಟ್ಟುತ್ತವೆ. ಹೂವಿಲ್ಲ, ಬೀಜವಿಲ್ಲ. ಕೂಡಿದ ಅಂಡ ಸ್ವಲ್ಪ ಕಾಲ ತಾಯಿಗೇ ಅಂಟಿಕೊಂಡಿದ್ದು, ಪುಟ್ಟ ಭ್ರೂಣವಾಗಿ ಉದುರಿ ಹತ್ತಿರದ ಬಂಡೆ ಹಿಡಿಯುತ್ತದೆ, ಅದಕ್ಕೇ ಈ ಕಳೆ ಗುಂಪಾಗಿ ಕಾಣುವುದು ಜಾಸ್ತಿ.

ಬೇಸಿಗೆ ಬರುವಾಗ ಟೊಂಗೆಗಳು ಸವೆದು, ಕಿತ್ತು ದಡಕ್ಕೆ ಬರುತ್ತವೆ. ಬುಡ ಮಾತ್ರ ಮಳೆಗಾಲ ಕಳೆಯುತ್ತದೆ. ಹಾಗಾಗಿ ಕೊಯ್ಯುವವರು ಬುಡ ಬಿಟ್ಟು ಮೇಲಷ್ಟೇ ಕತ್ತರಿಸಬೇಕು, ಬುಡಸಮೇತ ಕಿತ್ತರೆ ಮುಂದಿನ ಹಂಗಾಮಿನಲ್ಲಿ ಅಲ್ಲಿ ಚಿಗುರಲು ಏನೂ ಉಳಿದಿರುವುದಿಲ್ಲ.